ಕಾಕಾನ ಭಾನುವಾರ, ಚಿಗವ್ವನ ಹಂಚು

ರಜೆಯ ದಿನವನ್ನು ಹೆದರುತ್ತ ಕಳೆಯುವ ಹವ್ಯಾಸ ನಮ್ಮ ಕಾಕಾನನ್ನು ಬಿಟ್ಟರೆ ಇನ್ನಾರಿಗೂ ಇರಲಿಕ್ಕಿಲ್ಲ! ಭಾನುವಾರ ಬಂದರೆ ವಿಜಯಪುರದ ಮಂದಿ ಇಸ್ಪೀಟು ಆಡುತ್ತಾರೆ, ಮೊಬೈಲು ತಿಕ್ಕುತ್ತಾರೆ, ಮಲಗುತ್ತಾರೆ. ಈತ ಬೈಕು ಹತ್ತಿ, ನೀರು ಬೀಳದೆ ತೆರೆದೇ ಬಿಟ್ಟ ಬೋರ್‌ವೆಲ್‌ಗಳನ್ನು ಹುಡುಕಿ ಮುಚ್ಚಲು ಹೊರಡುತ್ತಾನೆ. ಹಿಂದೆ ಕೂರುವ ಪುಣ್ಯವಂತ ನಾನೇ.

"ಒಂದಿನಾನರ ಮನ್ಯಾಗ ಆರಾಮ ಕುಂಡ್ರಬಾರದೇನು ಕಾಕಾ?"

"ಸುಮ್ಮ ಕುಂತ್ರ ಕಣ್ಣ ಮುಂದ ಅದ ತೂತ ಬರತೈತೆಲೇ. ಒಳಗ ಯಾವುದರ ಕೂಸು ಅತ್ತಂಗ ಕೇಳತೈತಿ."

ಕಾಕಾನಿಗೆ ತೂತಿನ ಹೆದರಿಕೆ, ನನಗೆ ಹೊಲದ ನಾಯಿಗಳ ಹೆದರಿಕೆ! ತೊರವಿಯ ಹತ್ತಿರ ಒಮ್ಮೆ ನಾವಿಬ್ಬರೂ ಬಗ್ಗಿ ನೆಲ ತಡಕಾಡುತ್ತಿದ್ದಾಗ ಹೊಲದವನು ಬಡಿಗೆ ಹಿಡಿದು ಬಂದ.

"ನಿಧಿ ಹುಡಕಾಕತ್ತೀರೇನ್ರಿ?"

"ಇಲ್ಲೋ ಯಪ್ಪಾ, ತೂತು ಹುಡಕಾಕತ್ತೇವಿ," ಎಂದ ಕಾಕಾ.

ಇಂಥ ಉತ್ತರವನ್ನು ಯಾರು ನಂಬುತ್ತಾರೆ ಹೇಳಿ? ಎದ್ದೆವೋ ಬಿದ್ದೆವೋ ಎಂದು ಓಡಿದೆವು. ಉಸಿರು ಬಂದ ಮೇಲೆ ಕಾಕಾ ಅಂದ, "ಮುಂದಿನ ವಾರ ಮತ್ತ ಬರೂಣು. ಅಂವಾ ಊಟಕ್ಕ ಹೋದಾಗ."

ಮುಚ್ಚಲು ಏನಾದರೂ ಬೇಕಲ್ಲ? ಕಾಕಾನ ಹೆಂಡತಿ ಚಿಗವ್ವನ ಪಾತ್ರೆಗಳ ಮುಚ್ಚಳ ಒಂದೊಂದಾಗಿ ಮಾಯವಾದವು. ಕೊನೆಗೆ ನಾನು ಊರಲ್ಲಿಲ್ಲದ ಒಂದು ಭಾನುವಾರ ರೊಟ್ಟಿಯ ಹಂಚೇ ಹೋಯಿತು! ಆಕೆ ತವರಿನಿಂದ ತಂದ, ಅಂಚಿನಲ್ಲಿ ಚಕ್ಕೆ ಹಾರಿದ ಕಬ್ಬಿಣದ ಹಂಚು.

"ಇನ್ನ ರೊಟ್ಟಿ ಎದರಾಗ ಬೇಯಿಸ್ಲಿ, ನಿಮ್ಮ ತಲೀ ಮ್ಯಾಲೇನು?" ಎಂದಳು ಚಿಗವ್ವ.

ಆ ವಾರವೆಲ್ಲ ಅನ್ನವೇ ಗತಿ. ಜೋಳದ ರೊಟ್ಟಿಯಿಲ್ಲದೆ ಕಾಕಾ ಬಾಡಿಹೋದ. ಆದರೂ ಹಂಚು ಎಲ್ಲಿದೆಯೆಂದು ಬಾಯಿಬಿಡಲಿಲ್ಲ.

ಮೊನ್ನೆ ಘೋಣಸಗಿಯಲ್ಲಿ ನೆಂಟರ ದ್ರಾಕ್ಷಿ ತೋಟಕ್ಕೆ ಎಲ್ಲರೂ ಊಟಕ್ಕೆ ಹೋಗಿದ್ದೆವು. ಉಣ್ಣುತ್ತ ಉಣ್ಣುತ್ತ ನೋಡುತ್ತೇನೆ, ನಾಲ್ಕು ವರ್ಷದ ನನ್ನ ಮಗಳಿಲ್ಲ! ಸಾಲು ಸಾಲು ಹುಡುಕಿದೆ, ಹೆಸರು ಹಿಡಿದು ಕೂಗಿದೆ. ಉತ್ತರವಿಲ್ಲ. ಕಾಕಾನ ಮುಖ ನೋಡಿದೆ, ಬಿಳಿಚಿಕೊಂಡಿತ್ತು. ಇಷ್ಟು ದಿನ ಅವನ ಹೆದರಿಕೆಗೆ ನಕ್ಕಿದ್ದೆನಲ್ಲ, ಅದೆಲ್ಲ ಒಮ್ಮೆಗೇ ನನ್ನ ಎದೆಯೊಳಗೆ ಇಳಿಯಿತು.

ಕಾಕಾ ಮಾತ್ರ ಪಕ್ಕದ ಬೀಳು ಹೊಲದ ಕಡೆ ನೇರವಾಗಿ ಓಡಿದ. ಅವನ ಹಿಂದೆ ನಾವು.

ಮಗಳು ಅಲ್ಲಿದ್ದಳು. ಎರಡೂ ಕಾಲು ಕೂಡಿಸಿ ಡಣ್ ಡಣ್ ಎಂದು ಕುಣಿಯುತ್ತಿದ್ದಳು, ಸುತ್ತಲೂ ಸಿಮೆಂಟು ಮೆತ್ತಿದ ಒಂದು ಹಂಚಿನ ಮೇಲೆ! ಅದರ ಅಂಚಿನಲ್ಲಿ ಚಕ್ಕೆ ಹಾರಿತ್ತು.

ಮಗಳನ್ನು ಎತ್ತಿಕೊಂಡು ನಾನು ಅತ್ತುಬಿಟ್ಟೆ. ಚಿಗವ್ವ ಕುಳಿತು ಹಂಚನ್ನು ಸವರಿದಳು. ಕಾಕಾ ಸಿಕ್ಕಿಬಿದ್ದ ಕಳ್ಳನಂತೆ ನಿಂತಿದ್ದ.

"ಹೊಸಾದು ಕೊಡಸ್ತೇನಿ ಬಿಡ," ಎಂದ ಮೆಲ್ಲಗೆ. ಕೊಡಿಸಿದ ಕೂಡ.

ಮುಂದಿನ ಭಾನುವಾರ ನಾವು ಬೈಕು ಹತ್ತುವಾಗ ಚಿಗವ್ವ ಬಾಗಿಲಿಗೆ ಬಂದಳು. ಕೈಯಲ್ಲಿ ಅದೇ ಹೊಸ ಹಂಚು.

"ಇದನ್ನೂ ಒಯ್ರಿ," ಎಂದಳು. "ನಾವು ಅನ್ನಾನ ಉಣ್ಣೂಣು."