ಬಿಸ್ಕತ್ತು ಇಡಲು ಒಂದು ಜಾಗ

ಎಲ್ಲ ಶುರುವಾದದ್ದು ಒಂದು ಫೋನಿನಿಂದ. ಹೆಡ್ಡಾಫೀಸಿನ ಸಾಹೇಬರು ಅಂಗಡಿಯ ಮ್ಯಾನೇಜರ್ ಲಿಯೊನಲ್ ಕ್ರಾಬ್‌ಟ್ರೀಗೆ ಬೆಳಗಾಗುತ್ತಲೇ ಹೇಳಿದರು: "ಸಂಜೆ ಕೌನ್ಸಿಲ್‌ನಿಂದ ಇನ್‌ಸ್ಪೆಕ್ಟರಮ್ಮ ಬರ್ತಾರೆ. ಹೊಸ ಕಾನೂನಿನ ಪ್ರಕಾರ ಸಿಹಿ, ಕುರುಕಲು ಯಾವುದೂ ಬಾಗಿಲ ಹತ್ರ, ಗಲ್ಲಾ ಹತ್ರ, ಜನ ಕ್ಯೂ ನಿಲ್ಲೋ ಕಡೆ ಇರಬಾರದು. ನೋಟೀಸು ಬಂತೋ, ನಿನ್ನನ್ನ ದೂರದ ಗ್ರಿಮ್ಸ್‌ಬಿಯ ಮೀನಿನ ಗೋದಾಮಿಗೆ ಹಾಕ್ತೀನಿ."

ಮೀನಿನ ವಾಸನೆಯನ್ನಾದರೂ ಲಿಯೊನಲ್ ಸಹಿಸಿಯಾನು. ಆದರೆ ಊರಾಚೆಯ ತುಂಡು ನೆಲದಲ್ಲಿ ಅವನು ಬೆಳೆಸಿದ ಲೀಕ್ ಈರುಳ್ಳಿ ಈ ಸಲ ತೋಳುದಪ್ಪ ಬಂದಿತ್ತು. ತರಕಾರಿ ಪ್ರದರ್ಶನ ಹತ್ತಿರದಲ್ಲೇ ಇತ್ತು. ಈಗ ಬಿಟ್ಟು ಹೋಗುವುದೆಂದರೆ ತೊಟ್ಟಿಲ ಕೂಸನ್ನು ಬಸ್‌ಸ್ಟ್ಯಾಂಡಿನಲ್ಲಿ ಬಿಟ್ಟು ಹೋದಂತೆ.

ಅಂಗಡಿಗೆ ಇದ್ದದ್ದು ಒಂದೇ ಗಲ್ಲಾ. ಅಲ್ಲಿ ಕೂರುವ ಡಿಲಿಸ್ ಒಬ್ಬೊಬ್ಬರ ಮಂಡಿನೋವನ್ನೂ ವಿಚಾರಿಸಿಯೇ ಚಿಲ್ಲರೆ ಕೊಡುವವಳು. ಹೀಗಾಗಿ ಕ್ಯೂ ಹನುಮಂತನ ಬಾಲದ ಹಾಗೆ ಬೆಳೆದು ಬಿಸ್ಕತ್ತಿನ ಕಪಾಟು ಮುಟ್ಟುತ್ತಿತ್ತು. ಲಿಯೊನಲ್ ಕಪಾಟನ್ನು ಹಾಲಿನ ಪಕ್ಕಕ್ಕೆ ದೂಡಿ, ಸುಧಾರಿಸಿಕೊಳ್ಳಲು ಒಂದು ಗಳಿಗೆ ನಿಂತ. ತಿರುಗಿ ನೋಡಿದರೆ ಅವನ ಬೆನ್ನಿಗೆ ಐದಾರು ಜನ ಸಾಲಾಗಿ ನಿಂತಿದ್ದರು. ಯಾರಾದರೂ ಸುಮ್ಮನೆ ನಿಂತರೆ ಅವರ ಹಿಂದೆ ಹೋಗಿ ನಿಲ್ಲುವುದು ಆ ಊರಿನ ಜನಕ್ಕೆ ಹುಟ್ಟುಗುಣ.

"ಇದು ಕ್ಯೂ ಅಲ್ಲ," ಎಂದ ಲಿಯೊನಲ್.

"ಪರವಾಗಿಲ್ಲಪ್ಪ, ನಮಗೇನೂ ಅವಸರ ಇಲ್ಲ," ಎಂದರು ಮುಂದಿದ್ದ ಮುದುಕಿ ಮಿಸೆಸ್ ಹೆಪ್‌ವರ್ತ್.

ಕಪಾಟನ್ನು ಸೋಪಿನ ಕಡೆ ದೂಡಿದ. ಅಲ್ಲಿಗೂ ಬಂದರು. ನಾಯಿ ತಿಂಡಿಯ ಕಡೆ ದೂಡಿದ. ಅಲ್ಲಿಗೆ ಇನ್ನಿಬ್ಬರು ಹೆಚ್ಚಾಗಿ ಬಂದು, "ಏನು ಕೊಡ್ತಿದ್ದಾರೆ?" ಎಂದು ಮುಂದಿನವರನ್ನು ಕೇಳತೊಡಗಿದರು.

ಲಿಯೊನಲ್ ತಲೆಯ ಮೇಲೆ ಕೈ ಹೊತ್ತು ಸಂಗತಿ ಹೇಳಿದ. ಮಿಸೆಸ್ ಹೆಪ್‌ವರ್ತ್‌ಗೆ ಬೇರೆಯವರ ತಾಪತ್ರಯವೆಂದರೆ ಹಬ್ಬದೂಟ.

"ಅಷ್ಟೇನಾ ಮಗಾ? ಹಿಂದುಗಡೆ ನಿಮ್ಮ ಟೀ ಕೋಣೆ ಇದೆಯಲ್ಲ. ನಡುವಿನ ಹಲಗೆ ಗೋಡೆ ತೆಗೆಸಿ ಬಿಸ್ಕತ್ತೆಲ್ಲ ಅಲ್ಲಿಡು. ಅಷ್ಟು ದೂರ ಯಾವ ಕ್ಯೂನೂ ಬರಲ್ಲ."

"ನಾವು ಟೀ ಎಲ್ಲಿ ಕುಡಿಯೋದು?" ಡಿಲಿಸ್ ಗಲ್ಲಾದಿಂದಲೇ ಕೇಳಿದಳು.

"ಮನೇಲಿ ಕುಡಿ," ಎಂದ ಲಿಯೊನಲ್. ಆ ಊರಿನಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ.

ಮಧ್ಯಾಹ್ನದೊಳಗೆ ಗೋಡೆ ಇಳಿಯಿತು. ಕೆಟಲ್ಲು, ಕಪ್ಪುಗಳು ಪೆಟ್ಟಿಗೆ ಸೇರಿದವು. ಬಿಸ್ಕತ್ತು, ಚಾಕೊಲೇಟು, ಕೇಕು ಒಳಗೆ ಹೋದವು. ಲಿಯೊನಲ್ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಹೆಂಡತಿಯನ್ನು ಹುಡುಕಿಕೊಂಡು ಮಿಸ್ಟರ್ ಹೆಪ್‌ವರ್ತ್ ಬಂದರು.

"ಯಾಕಯ್ಯಾ ಈ ಒದ್ದಾಟ? ಆ ಕಾನೂನು ದೊಡ್ಡ ಅಂಗಡಿಗಳಿಗೆ. ಈ ಅಂಗಡಿಗೆ ನೆಲಹಾಸು ಹಾಸಿದವನೇ ನಾನು. ಕಾನೂನು ಹೇಳೋ ಅಳತೆಗಿಂತ ನಿಂದು ಕೂದಲೆಳೆಯಷ್ಟು ಚಿಕ್ಕದು. ಯಾರೂ ನಿನ್ನ ತಂಟೆಗೆ ಬರೋ ಹಾಗಿಲ್ಲ."

ಲಿಯೊನಲ್ ಕೌನ್ಸಿಲ್‌ಗೆ ಫೋನ್ ಮಾಡಿದ. ಹೌದು, ಚಿಕ್ಕ ಅಂಗಡಿಗೆ ಈ ಕಾನೂನು ತಗಲುವುದಿಲ್ಲ ಎಂದರು. ಬೆಳಗಿನಿಂದ ಅದುಮಿಟ್ಟ ಸಿಟ್ಟೆಲ್ಲ ಈಗ ಉಕ್ಕಿತು. ಎಲ್ಲವನ್ನೂ ತಿರುಗಿ ಹೊತ್ತು ತಂದು, ಗಲ್ಲಾದ ಮುಂದೆಯೇ ಎದೆಮಟ್ಟ ಚಾಕೊಲೇಟಿನ ಗೋಪುರ ಕಟ್ಟಿ, ಕೈಕಟ್ಟಿ ನಿಂತ.

ಇನ್‌ಸ್ಪೆಕ್ಟರ್ ಮಿಸ್ ಪೊಲಾರ್ಡ್ ಬಂದವಳು ಗೋಪುರಕ್ಕೆ ಒಂದು ಸುತ್ತು ಹಾಕಿದಳು.

"ನಮ್ಮದು ಚಿಕ್ಕ ಅಂಗಡಿ ಮೇಡಂ. ಬೇಕಾದ್ರೆ ಅಳೀರಿ."

ಅವಳು ಟೇಪು ಹಿಡಿದು ಅಳೆದಳು. ಬರಿದಾದ ಹಿಂದಿನ ಕೋಣೆಗೂ ಹೋಗಿ ಬಂದಳು.

"ಆ ಹಿಂದಿನ ಜಾಗ ಇಲ್ಲದಿದ್ರೆ ನೀವು ಹೇಳಿದ್ದು ಸರಿ. ಅದು ಸೇರಿದ್ರೆ ದೊಡ್ಡ ಅಂಗಡಿ."

"ಅದು ಅಂಗಡಿ ಅಲ್ಲ ಮೇಡಂ. ಟೀ ಕೋಣೆ."

"ಹಾಗಾದ್ರೆ ಗೋಡೆ ಎಲ್ಲಿ? ಗಿರಾಕಿಗಳು ಬುಟ್ಟಿ ಹಿಡ್ಕೊಂಡು ಒಳಗೇ ಓಡಾಡ್ತಿದ್ದಾರಲ್ಲ."

"ಬೆಳಿಗ್ಗೆ ಇತ್ತು," ಎಂದ ಲಿಯೊನಲ್.

"ಬೆಳಿಗ್ಗೆ ಬಂದಿದ್ರೆ ಸುಮ್ನೆ ವಾಪಸ್ ಹೋಗ್ತಿದ್ದೆ," ಎನ್ನುತ್ತ ಅವಳು ನೋಟೀಸು ಬರೆದು ಕೈಗಿತ್ತಳು. ಅವನ ಮುಖ ನೋಡಿ ಅವಳಿಗೇ ಮರುಕ ಬಂತು. "ಪಾಪ, ಯಾರಾದ್ರೂ ಇವರಿಗೆ ಒಂದು ಕಪ್ ಟೀ ಮಾಡಿಕೊಡಿ."

ಡಿಲಿಸ್ ಗಲ್ಲಾದಿಂದ ತಲೆಯೆತ್ತಲಿಲ್ಲ. "ಆ ಕೋಣೆನ ಈಗ ತಾನೇ ಅಂಗಡಿ ಅಂತ ಬರ್ಕೊಂಡ್ರಲ್ಲ ಮೇಡಂ. ಅಲ್ಲಿ ಟೀ ಕಾಯಿಸಿದ್ರೆ ಇನ್ನೇನು ನೋಟೀಸೋ."