ಮೂಗಿಗೆ ಮೂರು, ಬಾಲಕ್ಕೆ ಮೂರು

“ಇಪ್ಪತ್ತೆರಡು ವರ್ಷದಿಂದ ಊರಿನ ಜನಾನೆಲ್ಲ ಮೇಲೆ ಹತ್ತಿಸಿ ಕೆಳಗೆ ಇಳಿಸ್ತಿದೀನಿ. ಮುಕ್ಕಾಲು ಕಿಲೋ ಥರ್ಮೋಕೋಲು ನನ್ನ ಮಾತು ಕೇಳಲ್ವಾ? ಇವತ್ತು ಹಾರಿಸೇ ಹಾರಿಸ್ತೀನಿ!”

ಭಾನುವಾರ ಬೆಳಿಗ್ಗೆ ಲಿಫ್ಟ್ ಮೆಕ್ಯಾನಿಕ್ ಹೀಗೆ ಘರ್ಜಿಸಿದ. ಕೇಳಿಸಿಕೊಂಡವರು ಇಬ್ಬರೇ. ಸೊಸೆಯ ಹೊಲಿಗೆ ಯಂತ್ರದ ಮೇಲೆ ತಟ್ಟೆಯಿಟ್ಟು ತಿಂಡಿ ತಿನ್ನುತ್ತಿದ್ದ ಅವನ ತಾಯಿ, ಮಡಿಲಲ್ಲೇ ತಟ್ಟೆ ಇಟ್ಟುಕೊಂಡಿದ್ದ ಹೆಂಡತಿ. ಊಟದ ಟೇಬಲ್ ಎಲ್ಲಿ ಹೋಯಿತು ಅಂತೀರಾ? ಅಲ್ಲೇ ಇತ್ತು. ಆದರೆ ಎರಡು ತಿಂಗಳಿಂದ ಅದು ವಿಮಾನ ಕಾರ್ಖಾನೆ! ರೆಕ್ಕೆ, ಮೋಟಾರು, ಅಂಟಿನ ಡಬ್ಬಿಗಳ ನಡುವೆ ಒಂದು ಲೋಟ ಇಡುವಷ್ಟೂ ಜಾಗವಿರಲಿಲ್ಲ.

“ಸರಿ ರೀ,” ಅಂದಳು ಬಟ್ಟೆ ಹೊಲಿಯುವ ಹೆಂಡತಿ. “ಸಂಜೆಯೊಳಗೆ ಅದು ಒಂದು ನಿಮಿಷ ನೆಟ್ಟಗೆ ಹಾರಿದ್ರೆ ಟೇಬಲ್ ಪೂರ್ತಿ ನಿಮ್ಮದು. ಹಾರದಿದ್ರೆ ಈ ಕಾರ್ಖಾನೆಗೆ ಬೀಗ!”

“ಒಪ್ಪಿದೆ!”

ಮೂವರೂ ಮೈದಾನಕ್ಕೆ ಹೊರಟರು. ರಿಮೋಟಿನ ಕಡ್ಡಿ ತಳ್ಳಿದ್ದೇ ತಡ, ವಿಮಾನ ಎದ್ದಿತು. ಎದ್ದದ್ದು ಮೂಗು ಮೇಲೆತ್ತಿತು, ಎತ್ತಿ ಎತ್ತಿ ನಡುಗಾಳಿಯಲ್ಲಿ ನಿಂತೇಬಿಟ್ಟಿತು, ಮೂಗು ಕೆಳಗೆ ಹಾಕಿ ಧುಮುಕಿತು, ಮತ್ತೆ ಎತ್ತಿತು, ಮತ್ತೆ ಧುಮುಕಿತು.

“ಪಾಪ, ತೂಕಡಿಸ್ತಿದೆ ಕಣೋ,” ಅಂದರು ತಾಯಿ. “ರಾತ್ರಿ ನಿದ್ದೆ ಮಾಡೋಕೆ ಬಿಟ್ಟಿಲ್ವೇನೋ ನೀನು?”

ಹುಲ್ಲಿನ ಮೇಲೆ ಬಿದ್ದ ವಿಮಾನವನ್ನು ಎತ್ತಿಕೊಂಡು ಮೆಕ್ಯಾನಿಕ್ ಬಿಡಿಭಾಗಗಳ ಅಂಗಡಿಯವನಿಗೆ ಫೋನು ಮಾಡಿದ. “ಬಾಲ ಭಾರ ಆಗಿದೆ ಸ್ವಾಮಿ. ಮೂಗಿಗೆ ಸ್ವಲ್ಪ ತೂಕ ಕಟ್ಟಿ, ಸರಿಹೋಗುತ್ತೆ,” ಅಂದ ಅವನು. ಎಷ್ಟು ಸುಲಭ! ಜೇಬಿನಿಂದ ಮೂರು ಬೋಲ್ಟ್ ತೆಗೆದು ಮೂಗಿಗೆ ಟೇಪು ಸುತ್ತಿದ.

ಅಲ್ಲಿಗೆ ನಿಲ್ಲಿಸಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಇವನು ಲಿಫ್ಟಿನವನು ನೋಡಿ! ಹಗ್ಗದ ಒಂದು ಕಡೆ ಜನ ನಿಲ್ಲುವ ಪೆಟ್ಟಿಗೆ ಇದ್ದರೆ ಇನ್ನೊಂದು ಕಡೆ ಅದನ್ನು ತೂಗುವ ಎದುರುಭಾರ ಇರಲೇಬೇಕು. ಇಪ್ಪತ್ತೆರಡು ವರ್ಷದ ಪಾಠ ರಕ್ತಕ್ಕೇ ಇಳಿದಿತ್ತು. ಬರೀ ಮೂಗಿಗೆ ತೂಕವೇ? ಅನ್ಯಾಯ! ಬಾಲಕ್ಕೂ ಮೂರು ನಟ್ಟು ಅಂಟಿಸಿದ.

ವಿಮಾನ ಹಾರಿತು. ಮೊದಲಿಗಿಂತ ಜೋರಾಗಿ ತೂಕಡಿಸಿತು.

“ಮೂಗಿಗೆ ಸಾಲದು!” ಎಂದು ಮತ್ತೆ ನಾಲ್ಕು ಬೋಲ್ಟ್. ಬಾಲಕ್ಕೂ ನಾಲ್ಕು ನಟ್ಟು. ಆಮೇಲೆ ಮತ್ತೆ ನಾಲ್ಕು, ಅದಕ್ಕೆ ಎದುರು ನಾಲ್ಕು.

“ಅಲ್ಲ ರೀ, ಕೋಟಿನ ಹಿಂಭಾಗ ಜಗ್ಗುತ್ತೆ ಅಂತ ಗಿರಾಕಿ ಬಂದ್ರೆ, ಹಿಂದೆ ಇನ್ನೊಂದು ಜೇಬು ಹೊಲೀತಾರಾ?”

“ಇದು ಕೋಟಲ್ಲ ಕಣೇ, ವಿಜ್ಞಾನ! ಎದುರುಭಾರ ಅನ್ನೋದು ನಿನಗೆ ಅರ್ಥ ಆಗಲ್ಲ. ಸುಮ್ನಿರು!”

ಈ ಸಲ ವಿಮಾನ ಮೈದಾನದ ಈ ತುದಿಯಿಂದ ಆ ತುದಿಯವರೆಗೆ ಗುರ್ ಅನ್ನುತ್ತ ಓಡಿತು. ನೆಲ ಮಾತ್ರ ಬಿಡಲಿಲ್ಲ.

“ಈಗ ತೂಕಡಿಸ್ತಿಲ್ಲ ನೋಡೋ,” ಅಂದರು ತಾಯಿ ಮೆಚ್ಚುಗೆಯಿಂದ. “ಮಲಗೇಬಿಟ್ಟಿದೆ!”

ಮೆಕ್ಯಾನಿಕ್ಕನ ಮುಖ ಬಾಡಿತು. ಸೂರ್ಯ ಇಳಿಯುತ್ತಿದ್ದ. ಟೇಬಲ್ ಕೈತಪ್ಪಿದಂತೆಯೇ! “ಟೀ ತರ್ತೀನಿ,” ಎಂದು ಗೊಣಗಿ ರಸ್ತೆಯಾಚೆಯ ಅಂಗಡಿಗೆ ಕಾಲೆಳೆದುಕೊಂಡು ಹೋದ.

ಮೂರು ಲೋಟ ಹಿಡಿದು ಬಂದವನು, ಕೊನೆಯದೊಂದು ಸಲ ಎಂದು ಕಡ್ಡಿ ತಳ್ಳಿದ. ಅಬ್ಬಾ! ವಿಮಾನ ನೆಲ ಬಿಟ್ಟಿತು, ಎದ್ದಿತು, ಮೂಗು ಅಲ್ಲಾಡಿಸದೆ ತೇಲಿತು. ಗೆರೆ ಎಳೆದಂಥ ಓಟ! ಒಂದು ನಿಮಿಷವಾಯಿತು, ಎರಡಾಯಿತು.

“ನೋಡಿದ್ಯಾ?” ಮೆಕ್ಯಾನಿಕ್ ಕುಣಿದಾಡಿದ. “ಎದುರುಭಾರದ ಮಹಿಮೆ! ಎರಡೂ ಕಡೆ ಸರಿಯಾಗಿ ಕೂತ್ಕೊಳ್ಳೋಕೆ ಸ್ವಲ್ಪ ಹೊತ್ತು ಬೇಕಿತ್ತು ಅಷ್ಟೇ. ಇನ್ನು ಟೇಬಲ್ ನಂದು!”

“ನಿಮ್ಮದೇ ರೀ,” ಎಂದು ಹೆಂಡತಿ ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಹನ್ನೊಂದು ನಟ್ಟು, ಐದು ಬೋಲ್ಟು! “ನೀವು ಟೀಗೆ ಹೋದಾಗ ರೆಕ್ಕೆ ಕೆಳಗೆ ಎರಡು ಬೆರಳು ಕೊಟ್ಟು ಎತ್ತಿ ನೋಡ್ದೆ. ಬಾಲ ಜೋತುಬಿತ್ತು. ಬಾಲದ್ದೆಲ್ಲ ಬಿಚ್ಚಿದ್ರೆ ಮೂಗು ಪೂರ್ತಿ ಕುಸೀತು. ಅದು ಒಂಚೂರು ಮಾತ್ರ ಬಗ್ಗೋ ತನಕ ಮೂಗಿಂದೂ ಬಿಚ್ತಾ ಹೋದೆ.”

ಮೆಕ್ಯಾನಿಕ್ ವಿಮಾನ ಇಳಿಸಿದ. ಮನೆಗೆ ಬಂದವನೇ, ಯಾರೂ ಹೇಳದೆ ಟೇಬಲ್ ಮೇಲಿನ ಸಾಮಾನನ್ನೆಲ್ಲ ರಟ್ಟಿನ ಪೆಟ್ಟಿಗೆಗೆ ತುಂಬಿ, ಅಂಟಿನ ಕಲೆಗಳನ್ನು ಕೆರೆದು ಒರೆಸಿ, ಮೂರು ತಟ್ಟೆ ಇಟ್ಟ.

ತಾಯಿ ಸುಖವಾಗಿ ಕಾಲು ಚಾಚಿ ಕೂತು, ಏನೂ ಗೊತ್ತಿಲ್ಲದವರಂತೆ ಕೇಳಿದರು: “ಏನೇ ಹೇಳಿ, ಕೊನೇಲಿ ಚೆನ್ನಾಗಿ ಹಾರ್ತಪ್ಪ. ಯಾರು ಮಾಡಿದ್ದು ಅದನ್ನ?”

ಮೆಕ್ಯಾನಿಕ್ ತಲೆ ತಗ್ಗಿಸಿ ಹೆಂಡತಿಯ ಕಡೆ ಕೈ ತೋರಿಸಿದ.

“ಅಯ್ಯೋ, ಮಾಡಿದ್ದೆಲ್ಲ ನಿಮ್ಮ ಮಗನೇ ಅತ್ತೆ,” ಅಂದಳು ಅವಳು ಅನ್ನ ಬಡಿಸುತ್ತ. “ನಾನು ಅವರು ಮಾಡಿದ್ದನ್ನ ಬಿಚ್ಚಿದೆ ಅಷ್ಟೇ!”