ಪಾತ್ರೆ ಓದುವ ಅತ್ತೆ

ನಮ್ಮ ಸೋದರತ್ತೆಗೆ ಪಾತ್ರೆ ತೊಳೆಯಲು ಕೊಡಬಾರದು. ತೊಳೆಯುವುದಿಲ್ಲ, ಓದುತ್ತಾಳೆ! ಯಾರ ಮನೆಗೆ ಹೋದರೂ ತಟ್ಟೆ, ಲೋಟ ತಿರುವಿ, ಅಂಚಿನಲ್ಲಿ ಹಾಕಿಸಿದ ಹೆಸರು ನೋಡಿ, "ಇದು ನಿಮ್ಮ ನಾದಿನೀದಲ್ಲೇನ್ರಿ? ಇನ್ನೂ ವಾಪಸ್ ಕೊಟ್ಟಿಲ್ಲ?" ಎಂದು ಊಟದ ನಡುವೆಯೇ ಕೇಳುತ್ತಾಳೆ. ಗದಗಿನಲ್ಲಿ ಅವಳನ್ನು ಊಟಕ್ಕೆ ಕರೆದವರು ಬಾಳೆ ಎಲೆಯನ್ನೇ ಹಾಕುತ್ತಾರಂತೆ.

ಇಂಥವಳು ನನ್ನ ಮದುವೆಗೆ ಬಂದಿರಲಿಲ್ಲ. ಹುಡುಗಿ ತೆಲುಗಿನವಳು, ಹೈದರಾಬಾದಿನ ಹೈಟೆಕ್ ಸಿಟಿಯ ಕಂಪನಿಯಲ್ಲಿ ನನ್ನ ಪಕ್ಕದ ಕುರ್ಚಿಯವಳು ಎಂಬುದೇ ಕಾರಣ. ಕೊನೆಗೊಮ್ಮೆ ಕಾಚಿಗೂಡದಲ್ಲಿ ರೈಲಿಳಿದಳು. ಆದರೆ ಹೆಂಡತಿ ಎದುರಿಗೆ ನಿಂತಿದ್ದರೂ ಮಾತೆಲ್ಲ ನನ್ನ ಮೂಲಕವೇ: "ನಿನ್ನಾಕಿಗೆ ಹೇಳು, ಸಾರಿಗೆ ಖಾರ ಭಾಳ ಆತು."

"ನನಗೂ ಒಂದು ಹೆಸರಿದೆ ಅಂತ ನಿಮ್ಮ ಅತ್ತೆಗೆ ಗೊತ್ತಾ?" ಎಂದು ಹೆಂಡತಿ ಹೊಸದಾಗಿ ಕಲಿತ ಕನ್ನಡದಲ್ಲಿ ಕೇಳಿದಳು. ಅದನ್ನು ಮಾತ್ರ ನಾನು ದಾಟಿಸಲಿಲ್ಲ.

ಆ ವಾರ ಜುಮೇರಾತ್ ಬಜಾರಿಗೆ ಹೋದೆವು. ಹೈದರಾಬಾದಿನ ಹಳೆಯ ಸಾಮಾನೆಲ್ಲ ಗುರುವಾರ ರಸ್ತೆಗೆ ಬಂದು ಕೂರುವ ಸಂತೆ: ಒಂಟಿ ಬೂಟು, ರೆಕ್ಕೆಯಿಲ್ಲದ ಫ್ಯಾನು, ಕಂಪನಿಗಳು ಬಿಸಾಡಿದ ಕೀಬೋರ್ಡುಗಳ ರಾಶಿ. ಗುರುವಾರ ನನಗೆ ರಜೆ ಹೇಗೆ ಸಿಕ್ಕಿತು? "ನೀನು ಬಂದಿರಲೇ ಇಲ್ಲ, ಅತ್ತಯ್ಯ ನಾನು ಇಬ್ಬರೇ ಹೋಗಿದ್ದೆವು" ಎನ್ನುತ್ತಾಳೆ ಹೆಂಡತಿ. ಇರಬಹುದು. ಆದರೂ ನಾನು ಅಲ್ಲಿದ್ದೆ.

ಹಳೆಯ ಪಾತ್ರೆಗಳ ಗುಡ್ಡೆ ಕಂಡದ್ದೇ ಅತ್ತೆ ಸೆರಗು ಸಿಕ್ಕಿಸಿ ಕೂತುಬಿಟ್ಟಳು. ತೆಲುಗು ಹೆಸರುಗಳನ್ನೂ ಕನ್ನಡದ ಬಲದ ಮೇಲೆ ಓದಿದ್ದೇ ಓದಿದ್ದು!

"ಅಮ್ಮಾ, ಲೇನಾ ಹೈ ಕಿ ಖಾಲೀ ಪಢನಾ?" ಎಂದ ಅಂಗಡಿಯವ, ಕೊಳ್ಳುವುದುಂಟೋ ಬರೀ ಓದುವುದೋ ಎಂದು.

"ತಡಿಯಪ್ಪಾ, ಇನ್ನೂ ತಾಟು ಉಳದಾವ."

ಒಂದು ಡಬ್ಬಿಯ ಮೇಲಿನ ಅಕ್ಷರಕ್ಕೆ ತಡವರಿಸಿದಳು. ನನ್ನತ್ತ ನೋಡಿದಳು. ನನಗೇನು ಗೊತ್ತು? ಬೇರೆ ದಾರಿಯಿಲ್ಲದೆ ಡಬ್ಬಿಯನ್ನು ಹೆಂಡತಿಯತ್ತ ಚಾಚಿ, "ಇದೇನವಾ?" ಎಂದಳು. ಹೆಂಡತಿ ಪಕ್ಕದಲ್ಲೇ ಕೂತಳು. ಆಮೇಲೆ ಇಬ್ಬರೂ ಊರವರ ಹೆಸರುಗಳನ್ನೆಲ್ಲ ಓದಿ ನಕ್ಕರು. ನಾನು ಚೀಲ ಹಿಡಿದು ನಿಂತೆ, ಅಥವಾ ಆಫೀಸಿನಲ್ಲಿದ್ದೆ.

ಕೊನೆಗೆ ಅತ್ತೆ ಕೊಂಡದ್ದು ಒಂದು ತಾಮ್ರದ ತಂಬಿಗೆ, ಯಾರ ಹೆಸರೂ ಇಲ್ಲದ್ದು. ನೇರ ಹೆಸರು ಹಾಕುವವನ ಅಂಗಡಿಗೆ ನಡೆದಳು.

"ತೆಲುಗಿನಾಗ ಹಾಕಸು," ಎಂದಳು ಹೆಂಡತಿಗೆ. "ನಾ ಕೂಡಿಸಿ ಓದ್ತೀನಿ."

"ನಿಮ್ಮ ಹೆಸರು ಬೇಡವಾ ಅತ್ತಯ್ಯಾ?"

"ನಂದ್ಯಾಕ? ನನ್ನ ಪಾತ್ರಿ ಮನ್ಯಾಗ ಬೇಕಾದಷ್ಟು ಅದಾವ."

ಮಶೀನು ಗುರ್ರೆಂದು ನಿಂತಿತು. ಅತ್ತೆ ತಾಮ್ರದ ಪುಡಿಯನ್ನು ಸೆರಗಿನಿಂದ ಒರೆಸಿ, ಒಂದೊಂದೇ ಅಕ್ಷರದ ಕೆಳಗೆ ಬೆರಳಿಟ್ಟು ಓದಿದಳು: "ಮಾ... ಧ... ವಿ."

"ಆ, ಅತ್ತಯ್ಯಾ," ಎಂದು ಹೆಂಡತಿ ಓಗೊಟ್ಟಳು.